ಆದರೂರಾಯರು ದೋಣಿಗೆ ಎಂಜಿನ್ ಹುಡುಕಿದ್ದು

ದೋಣಿ ಮುಗಿದು ಮೂರು ವಾರವಾಗಿತ್ತು, ಅದಕ್ಕೆ ಯಾವ ಎಂಜಿನ್ ಎಂಬುದು ಮಾತ್ರ ಇನ್ನೂ ಗೊತ್ತಾಗಿರಲಿಲ್ಲ. ಆದರೂರಾಯರಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಬೆಳಿಗ್ಗೆ ಹಲ್ಲುಜ್ಜುತ್ತಲೇ ಹಿಂದಿನ ಕೋಣೆಗೆ ಹೋಗಿ ದೋಣಿಯ ಮುಚ್ಚಳ ತೆಗೆದು ಅದರ ಖಾಲಿ ಹೊಟ್ಟೆಯನ್ನು ನೋಡುವರು. ಬಾಯಲ್ಲಿ ನೊರೆ ಇರುವಾಗಲೇ ಟೇಪು ಹಿಡಿದು ಇನ್ನೊಮ್ಮೆ ಅಳೆಯುವರು. ಅಳತೆ ನಿನ್ನೆ ಇದ್ದಷ್ಟೇ ಇರುವುದನ್ನು ಕಂಡು ನಿಟ್ಟುಸಿರು ಬಿಟ್ಟು, ಬಾಯಿ ಮುಕ್ಕಳಿಸುವುದನ್ನೂ ಮರೆತು ಕೆಲಸಕ್ಕೆ ಹೊರಡುವರು.

ಆದರೂರಾಯರು ಎಂಬುದು ಬೀದಿಯವರು ಕೊಟ್ಟ ಬಿರುದು. ಇಪ್ಪತ್ತೆಂಟು ವರ್ಷಗಳಿಂದ ಅವರದು ಪೇಂಟ್ ಅಂಗಡಿಯಲ್ಲಿ ಬಣ್ಣ ಬೆರೆಸುವ ಕೆಲಸ. ಗಂಡ ಹೆಂಡತಿ ಜಗಳವಾಡುತ್ತಾ ಒಳಗೆ ಬಂದು, ನಡುಮನೆಗೆ ಇದೋ ಅದೋ ಎಂದು ಎರಡು ಬಣ್ಣದ ಚೀಟಿ ಮುಂದೆ ಹಿಡಿದರೆ, ರಾಯರು ಕಣ್ಣೆತ್ತಿ ನೋಡಿ ಒಂದನ್ನು ಬೆರಳಲ್ಲಿ ಮುಟ್ಟುವರು. ಅಲ್ಲಿಗೆ ಜಗಳ ಮುಗಿಯಿತು. ಊರಿನ ಅರ್ಧ ಗೋಡೆಗಳು ಅವರ ಬೆರಳು ತೋರಿಸಿದ ಬಣ್ಣದಲ್ಲೇ ನಿಂತಿದ್ದವು. ಆದರೆ ಇದೇ ತಲೆ ಸ್ವಂತದ ವಿಷಯಕ್ಕೆ ಬಂದರೆ ಕೈಕೊಡುತ್ತಿತ್ತು. ಚಪ್ಪಲಿ ಕೊಳ್ಳಲು ಹೋದರೆ ಎರಡು ಕಾಲಿಗೆ ಎರಡು ಬಗೆ ಹಾಕಿಕೊಂಡು ಅಂಗಡಿ ಮುಚ್ಚುವವರೆಗೂ ಓಡಾಡಿ, ಕೊನೆಗೊಂದನ್ನು ಕಟ್ಟಿಸಿಕೊಂಡು, ಮೆಟ್ಟಿಲಿಳಿದ ಮೇಲೆ "ಆದರೂ..." ಎಂದು ನಿಂತುಬಿಡುವ ಮನುಷ್ಯ. ಅವರ ಸ್ವಂತ ಮನೆಯ ಹೊರಗೋಡೆ ಹನ್ನೊಂದು ವರ್ಷದಿಂದ ಬರಿಯ ಸಿಮೆಂಟಿನಲ್ಲೇ ಇತ್ತು.

ಅಂಥವರು ಎಂಟು ತಿಂಗಳು ಕೂತು ತೆಳುವಾದ ಪ್ಲೈವುಡ್ಡಿನಲ್ಲಿ ಮೂರಡಿ ಉದ್ದದ ದೋಣಿ ಮಾಡಿದ್ದೇ ಒಂದು ಸಾಧನೆ. ದಡದಲ್ಲಿ ನಿಂತು ರಿಮೋಟಿನಲ್ಲಿ ಓಡಿಸುವ ದೋಣಿ. ಮಾಡಿ ಸುಮ್ಮನಿದ್ದರೆ ಕಥೆಯೇ ಇರುತ್ತಿರಲಿಲ್ಲ. ಒಂದು ಭಾನುವಾರ ಕೆರೆಯ ದಡದಲ್ಲಿ ಇಂಥದೇ ದೋಣಿಗಳನ್ನು ಬಿಡುವ ಸಂಘದವರನ್ನು ಕಂಡು, ಅವರ ಕಾರ್ಯದರ್ಶಿಯ ಮುಂದೆ ಎದೆಯುಬ್ಬಿಸಿ, ನಿಮ್ಮದೆಲ್ಲ ಮಕ್ಕಳಾಟ, ನನ್ನದನ್ನು ನೋಡುವಿರಂತೆ ಎಂದುಬಿಟ್ಟರು. ಕಾರ್ಯದರ್ಶಿ ಮರುಮಾತಾಡದೆ ಮುಂದಿನ ಓಟಕ್ಕೆ ಅವರ ಹೆಸರು ಬರೆದುಕೊಂಡ. ರಾಯರ ನೆಮ್ಮದಿ ಅಲ್ಲಿಗೆ ಮುಗಿಯಿತು.

ಮನೆಯಲ್ಲಿ ಈ ವಿಷಯ ಎತ್ತುವ ಹಾಗಿರಲಿಲ್ಲ. ಮನೆಯೊಳಗೆ ಪೆಟ್ರೋಲ್ ವಾಸನೆ ಬಂದ ದಿನ ದೋಣಿಯೂ ಇರುವುದಿಲ್ಲ, ದೋಣಿ ಮಾಡಿದವರೂ ಇರುವುದಿಲ್ಲ ಎಂದು ಹೆಂಡತಿ ಮೊದಲೇ ಎಚ್ಚರಿಸಿದ್ದಳು. ಇದು ಗಾಜಿನ ಬೀರುವಿನಲ್ಲಿಡಲು ಮಾಡಿದ್ದು, ಇದಕ್ಕೆಂಥ ಎಂಜಿನ್ನು ಎಂದು ರಾಯರು ಆಗ ಮಾತು ಹಾರಿಸಿದ್ದರು. ಹಾಗಾಗಿ ಎಂಜಿನ್ನಿನ ಮಾತೆಲ್ಲ ಈಗ ತಾರಸಿಯ ಮೇಲೆ, ಸಂಜೆ ಹೊತ್ತು, ಫೋನಿನಲ್ಲಿ.

ಫೋನಿನ ಆ ಕಡೆ ಇದ್ದವನು ಪೇಟೆಯ ಮೋಟಾರು ಅಂಗಡಿಯವನು. ಅವನದೊಂದು ಸಿದ್ಧಾಂತವಿತ್ತು. ದೋಣಿ ಅಂದರೆ ಹೆಣ್ಣು, ಎಂಜಿನ್ ಅಂದರೆ ಗಂಡು, ಜೋಡಿ ಸರಿಹೋದರೆ ಮಾತ್ರ ನೀರಿಗೆ ಇಳಿಸಬೇಕು. ಅವನು ಯಾವ ಎಂಜಿನ್ನನ್ನೂ "ಅದು" ಅಂದವನಲ್ಲ. ರಾಯರಿಗೆ ಇದು ಬಹಳ ಹಿಡಿಸಿತು. ಅಂಗಡಿಗೆ ಎರಡು ಸಲ ಹೋಗಿ ಬರುವಷ್ಟರಲ್ಲಿ ಅವರೂ ಹುಟ್ಟಿದಂದಿನಿಂದ ಎಂಜಿನ್ ಬಿಚ್ಚಿ ಜೋಡಿಸಿದವರಂತೆ "ಅವನು", "ಇವಳು" ಎಂದೇ ಮಾತಾಡತೊಡಗಿದರು.

ಇನ್ನು ಆ ತಾರಸಿಗೆ ತೆರೆದುಕೊಂಡಿದ್ದ ಕಿಟಕಿಯ ಸಮಾಚಾರ. ಮಹಡಿಯ ಮನೆಯಲ್ಲಿ ರಾಯರ ಹೆಂಡತಿಯ ಅಕ್ಕ ಇದ್ದರು. ರಾಯರ ಮಗಳಿಗೆ ದೊಡ್ಡಮ್ಮನಾದ್ದರಿಂದ ಬೀದಿಗೆಲ್ಲ ದೊಡ್ಡಮ್ಮ. ಮೂವತ್ತು ವರ್ಷ ಶಾಲೆಯ ಹೆಡ್ಮಿಸ್ ಆಗಿದ್ದು, ಕೊನೆಯ ಬೆಂಚಿನ ಪಿಸುಮಾತನ್ನೂ ಹಿಡಿದ ಕಿವಿ. ಆ ಸೋಮವಾರ ಅವರು ಕಿಟಕಿಯ ಪಕ್ಕ ಹೊದಿಕೆ ಮಡಚುತ್ತಿದ್ದಾಗ, ಹೊರಗೆ ಕಾಲು ಸುಟ್ಟ ಬೆಕ್ಕಿನಂತೆ ಓಡಾಡುತ್ತಿದ್ದ ರಾಯರ ದನಿ ಕೇಳಿಸಿತು.

"ನೋಡಿ, ನಮ್ಮವಳದು ತೆಳ್ಳಗಿನ ಮೈ. ಮೊದಲನೆಯವನಿಗೆ ಬಲ ಇದೆ, ಒಪ್ಪಿದೆ. ಆದರೆ ಕುಡಿಯೋದು ಜಾಸ್ತಿ, ಹೊಗೆ ಬೇರೆ ಬಿಡ್ತಾನೆ. ಶುರು ಮಾಡಿದ ಅಂದ್ರೆ ಬೀದಿಗೆಲ್ಲ ಕೇಳಿಸುತ್ತೆ."

ದೊಡ್ಡಮ್ಮನ ಕೈಯಲ್ಲಿ ಹೊದಿಕೆ ಅರ್ಧಕ್ಕೇ ನಿಂತಿತು.

"ಎರಡನೆಯವನು ಸಾಧು, ಬಾಯೇ ಬಿಡಲ್ಲ. ಆದರೂ ಹದಿನೈದು ನಿಮಿಷಕ್ಕೆಲ್ಲ ಸುಸ್ತಾಗಿ ಕೂತುಬಿಟ್ರೆ ಇವಳ ಗತಿ ಏನು? ಮೂರನೆಯವನ ಮಾತೇ ಎತ್ತಬೇಡಿ. ಎರಡು ವರ್ಷ ಇನ್ನೊಬ್ಬಳ ಜೊತೆ ಇದ್ದವನು. ಅವಳು ಕಲ್ಲಿಗೆ ಬಡಿದು ಹೋದಳು ಅಂತೀರಿ, ಅದರಲ್ಲಿ ಇವನ ಕೈವಾಡ ಇಲ್ಲ ಅಂತ ಹೇಗೆ ನಂಬೋದು?"

ದೊಡ್ಡಮ್ಮ ಹೊದಿಕೆಯನ್ನು ಹಾಗೇ ಬಿಟ್ಟು ಕೆಳಗಿಳಿದರು. ತಂಗಿಯನ್ನು ಅಡುಗೆಮನೆಯ ಮೂಲೆಗೆ ಕರೆದು, ನಿನ್ನ ಗಂಡ ಯಾರಿಗೂ ಹೇಳದೆ ಮಗಳಿಗೆ ಮೂರು ಗಂಡು ನೋಡಿದ್ದಾರೆ, ಒಬ್ಬ ಕುಡುಕ, ಒಬ್ಬ ರೋಗಿಷ್ಠ, ಇನ್ನೊಬ್ಬ ಹೆಂಡತಿಯನ್ನು ಕಲ್ಲಿಗೆ ಬಡಿದವನು ಎಂದು ಹೇಳಿದರು. ತಂಗಿ ಮೊದಲು ನಂಬಲಿಲ್ಲ. ಪರದೆಯ ಬಟ್ಟೆ ಆರಿಸಲಾಗದವರು ಮೂರು ಗಂಡು ಎಲ್ಲಿ ಆರಿಸಿಯಾರು ಎಂಬುದು ಅವಳ ಸಂಶಯ. ಅದಕ್ಕೇ ಇನ್ನೂ ಆರಿಸಿಲ್ಲ, ಮೂವರಲ್ಲೇ ಒದ್ದಾಡುತ್ತಿದ್ದಾರೆ ಎಂದರು ದೊಡ್ಡಮ್ಮ. ಇದು ಗಂಡನ ಸ್ವಭಾವಕ್ಕೆ ಎಷ್ಟು ಸರಿಯಾಗಿ ಹೊಂದಿತೆಂದರೆ ಅವಳು ಅಲ್ಲೇ ನಂಬಿಬಿಟ್ಟಳು.

ಆದರೂ ಗಂಡನೇ ತಾನಾಗಿ ಬಾಯಿಬಿಡಲಿ ಎಂದು ಎರಡು ದಿನ ಕಾದಳು. ಮೂರನೆಯ ದಿನ ತಡೆಯಲಾಗಲಿಲ್ಲ. ರಾಯರು ಅಂಗಡಿಯಿಂದ ಬಂದು ಅಂಗಿಯ ಗುಂಡಿ ಬಿಚ್ಚುತ್ತಿದ್ದಾಗ ಎದುರಿಗೆ ಬಂದು ನಿಂತಳು.

"ನನ್ನ ಹತ್ತಿರ ಹೇಳೋದು ಏನಾದ್ರೂ ಇದೆಯೇನ್ರೀ?"

ಗುಟ್ಟು ಬಯಲಾಯಿತೆಂದುಕೊಂಡರು ರಾಯರು. ಇನ್ನೂ ಏನೂ ಗಟ್ಟಿಯಾಗಿಲ್ಲ, ಆದ ಮೇಲೆ ಹೇಳೋಣ ಅಂತಿದ್ದೆ ಎಂದು ತೊದಲಿದರು.

"ಮನೆಗೆ ತಂದು ಕೂರಿಸಿದ ಮೇಲಾ? ನೋಡಿ, ಆ ಕುಡಿಯೋನನ್ನೇನಾದ್ರೂ ತಂದ್ರೆ ನಾನು ಈ ಮನೆಯಲ್ಲಿ ಇರಲ್ಲ."

ಮೋಟಾರು ಅಂಗಡಿಯ ಭಾಷೆ ಹೆಂಡತಿಗೂ ಬಂದಿರುವುದನ್ನು ಕಂಡು ರಾಯರು ಬೆರಗಾದರು. ಯಾವಾಗ ಕಲಿತಳೋ. ಕುಡಿಯೋನನ್ನು ಕೈಬಿಟ್ಟೆ ಅಂತಲೇ ಇಟ್ಟುಕೋ ಎಂದು ಮಾತು ಕೊಟ್ಟರು. ಹಾಗಾದರೆ ಬೇಗ ಸುಸ್ತಾಗುವವನೋ ಎಂದಳು. ಅವನಿಗೇನಾದರೂ ಉಪಾಯ ಮಾಡಬಹುದು, ಬಹಳ ಶಾಂತ, ಮನೆಯಲ್ಲಿ ಇದ್ದಾನೆಂದೇ ಗೊತ್ತಾಗುವುದಿಲ್ಲ ಎಂದರು ರಾಯರು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದಳು. ಒಂದು ಮೋಟಾರಿಗೆ ಇಷ್ಟು ಮರುಗುವ ಹೆಂಗಸು ಇವಳೊಬ್ಬಳೇ ಇರಬೇಕು ಎಂದುಕೊಂಡರು ರಾಯರು.

ದೊಡ್ಡಮ್ಮನಿಗೆ ತಿಳಿದ ಸಮಾಚಾರ ಮನೆಯೊಳಗೇ ಉಳಿಯುವುದುಂಟೇ. ಗುರುವಾರ ರಾಯರು ಕ್ಷೌರದಂಗಡಿಯಲ್ಲಿ ಕೂತಾಗ ಕ್ಷೌರಿಕ ಕತ್ತರಿ ನಿಲ್ಲಿಸಿ, ನನ್ನ ಮಾತು ಕೇಳಿದರೆ ಸಾಧುವೇ ಮೇಲು, ಗಲಾಟೆಯವನ ಸಹವಾಸ ಬೇಡ ಎಂದ. ಔಷಧಿ ಅಂಗಡಿಯಾತ ತಾನಾಗಿ ಕರೆದು, ಸುಸ್ತಿಗೆಲ್ಲ ನಮ್ಮಲ್ಲಿ ಬೇಕಾದಷ್ಟಿದೆ, ಆ ಒಂದು ಕಾರಣಕ್ಕೆ ಬಿಡಬೇಡಿ ಎಂದ. ಇವನ ಅಂಗಡಿಯಲ್ಲಿರುವುದು ಕಿವಿಯ ಮಿಷನ್ನಿಗೆ ಹಾಕುವ ಗುಂಡಿಯಷ್ಟು ಬ್ಯಾಟರಿ, ಮೂರಡಿ ದೋಣಿಗೆ ಅದೆಲ್ಲಿ ಸಾಕು ಎಂದು ರಾಯರು ಮನಸ್ಸಿನಲ್ಲೇ ನಕ್ಕರು. ಶುಕ್ರವಾರ ಪೇಂಟ್ ಅಂಗಡಿಯ ಸಾಹುಕಾರರೇ ಒಳಗೆ ಕರೆಸಿದರು. ಇಪ್ಪತ್ತೆಂಟು ವರ್ಷದಲ್ಲಿ ಕೂರಿ ಎಂದವರಲ್ಲ, ಅಂದು ಕುರ್ಚಿ ತೋರಿಸಿದರು. ಕಲ್ಲಿಗೆ ಬಡಿದ ಆ ಮೂರನೆಯವನ ಮೇಲೆ ಕೇಸು ಇದೆಯೋ ಎಂದು ಮೆಲ್ಲಗೆ ಕೇಳಿದರು.

"ಕೇಸೆಲ್ಲ ಎಲ್ಲಿ ಸಾರ್. ಬಿಚ್ಚಿ, ತೊಳೆದು, ಎಣ್ಣೆ ಹಾಕಿ ಇಟ್ಟಿದಾರೆ," ಎಂದರು ರಾಯರು.

ಸಾಹುಕಾರರು ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಂಡು, ಹೋಗಿ, ಕೆಲಸ ನೋಡಿ ಎಂದರು.

ಊರಿಗೆ ಊರೇ ತನ್ನ ದೋಣಿಯ ಚಿಂತೆಯಲ್ಲಿರುವುದನ್ನು ಕಂಡು ರಾಯರಿಗೆ ಅಂದು ಕೆಲಸಕ್ಕೆ ಕೈಯೇ ಹೋಗಲಿಲ್ಲ. ಅರ್ಧ ಹೆಮ್ಮೆ, ಅರ್ಧ ದಿಗಿಲು. ಎಲ್ಲರೂ ಸಾಧು ಎನ್ನುತ್ತಾರಲ್ಲ, ಹಾಗಾದರೆ ಕುಡಿಯುವವನಲ್ಲಿ ಯಾರಿಗೂ ಕಾಣದ ಗುಣವೇನಾದರೂ ಇರಬಹುದೇ? ಹೆಂಡತಿಗೆ ಕೊಟ್ಟ ಮಾತು ನೆನಪಿದ್ದರೂ ಸಂಜೆ ತಾರಸಿ ಹತ್ತಿ ಫೋನು ಮಾಡಿದರು. ನಾಳೆ ಸಂಜೆ ಐದಕ್ಕೆ ಇಬ್ಬರನ್ನೂ ಕಳಿಸಿ, ಹೆಂಗಸರು ಬಟ್ಟೆ ತರಲು ಹೋಗಿರುತ್ತಾರೆ, ನೋಡಿ ಸರಿಹೋದರೆ ನಾಳೆಯೇ ಕೂರಿಸಿಬಿಡೋಣ, ಭಾನುವಾರಕ್ಕೆ ಇವಳನ್ನು ನೀರಿಗೆ ಬಿಡಬೇಕು ಎಂದರು. ಕಿಟಕಿಯ ಹಿಂದೆ ದೊಡ್ಡಮ್ಮ ಇದನ್ನೂ ಕೇಳಿಸಿಕೊಂಡರು.

ಅದೇ ಸಂಜೆ ದೊಡ್ಡಮ್ಮ ರಾಯರ ಮಗಳಿಗೂ ವಿಷಯ ಮುಟ್ಟಿಸಿದರು. ಅವಳಿಗೆ ಇಪ್ಪತ್ತಾರು, ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆ ಮಾಡುವ ಕೆಲಸ. ನೀವು ಸರಿಯಾಗಿ ಕೇಳಿಸಿಕೊಂಡಿದ್ದೀರಾ ದೊಡ್ಡಮ್ಮ ಎಂದು ಎರಡು ಸಲ ಕೇಳಿದಳು. ನನ್ನ ಕಿವಿ ಚೆನ್ನಾಗಿದೆ ಅಂತ ಹೋದ ತಿಂಗಳು ನೀನೇ ಬರೆದುಕೊಟ್ಟಿದ್ದೀಯಲ್ಲ ಎಂದರು ಅವರು. ಎರಡು ವರ್ಷದಿಂದ ಅವಳ ಮನಸ್ಸಿನಲ್ಲಿ ಒಬ್ಬನಿದ್ದ, ಆಸ್ಪತ್ರೆಯ ಲಿಫ್ಟುಗಳನ್ನು ನೋಡಿಕೊಳ್ಳುವ ಮೆಕ್ಯಾನಿಕ್. ಅಪ್ಪನ ಮುಂದೆ ವಿಷಯ ಇಟ್ಟರೆ ಅವರು ಹೂಂ ಅನ್ನುವಷ್ಟರಲ್ಲಿ ತಲೆ ನರೆತೀತು ಎಂದು ಇಷ್ಟು ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದಳು. ಈಗ ಫೋನು ಮಾಡಿ, ನಾಳೆ ಐದೂವರೆಗೆ ಮನೆ ಬಾಗಿಲಿಗೆ ಬಾ, ಇಬ್ಬರೂ ಒಟ್ಟಿಗೆ ಒಳಗೆ ಹೋಗೋಣ ಎಂದಳು.

ಶನಿವಾರ ಹೆಂಗಸರಿಬ್ಬರೂ ಚೀಲ ಹಿಡಿದು ಮುಂಬಾಗಿಲಿನಿಂದ ಹೊರಟು, ಹೊರಗಿನ ಮೆಟ್ಟಿಲು ಹತ್ತಿ, ದೊಡ್ಡಮ್ಮನ ಬೀದಿಕಿಟಕಿಯಲ್ಲಿ ಕೂತರು. ಲಿಫ್ಟಿನವನು ಹೊತ್ತಿಗೆ ಮುಂಚೆ ಬಂದು ರೂಢಿಯಾದವನು. ಐದಕ್ಕೆ ಸರಿಯಾಗಿ ಗೇಟಿನಲ್ಲಿ ನಿಂತಿದ್ದ, ಹೆಗಲಲ್ಲಿ ಕೆಲಸದ ಚೀಲ. ಮೇಲಿನಿಂದ ನೋಡಿದ ದೊಡ್ಡಮ್ಮ, ಚಪ್ಪಲಿ ಜೋಡಿಸಿಟ್ಟ ನೋಡು, ಇವನೇ ಸಾಧು ಎಂದು ತೀರ್ಪು ಕೊಟ್ಟರು.

ರಾಯರು ಬಾಗಿಲು ತೆರೆದವರೇ ಅವನ ಚೀಲ ಕಂಡು, ಮೋಟಾರು ಅಂಗಡಿಯಿಂದ ಬಂದವನೆಂದು ಒಳಗೆ ಎಳೆದುಕೊಂಡರು.

"ಎಲ್ಲಿ, ಇಬ್ಬರನ್ನೂ ಕರ್ಕೊಂಡು ಬರ್ತೀನಿ ಅಂತಲ್ವಾ ಮಾತಾಗಿದ್ದು?"

ಇಬ್ಬರೆಂದರೆ ತನ್ನ ಅಪ್ಪ ಅಮ್ಮ, ಇವರಿಗಾಗಲೇ ಎಲ್ಲ ಗೊತ್ತಿದೆ ಎಂದುಕೊಂಡ ಅವನು ಬೆವರೊರೆಸಿಕೊಂಡ. "ಅವರು ಮುಂದಿನ ವಾರ ಬರ್ತಾರೆ ಸಾರ್. ಮೊದಲು ನಾನೊಬ್ಬನೇ ಬಂದು ಮಾತಾಡೋಣ ಅಂತ."

"ಮುಂದಿನ ವಾರ ಅಂದ್ರೆ ಆಗಲ್ಲ. ನಾಳೆ ಬೆಳಿಗ್ಗೆ ಇವಳನ್ನ ನೀರಿಗೆ ಬಿಡಬೇಕು."

ಅವನು ಬಿಳಿಚಿಕೊಂಡ. ನೀರಿಗೆ ಅಂದರೆ ಯಾವ ನೀರಿಗೆ ಸಾರ್ ಎಂದು ಕೇಳಿದ. ಕೆರೆಗೆ, ಇನ್ಯಾವುದಕ್ಕೆ ಎಂದರು ರಾಯರು. ಹೆಸರು ಕೊಟ್ಟಾಗಿದೆ, ಇನ್ನು ಹಿಂದೆ ಸರಿದರೆ ಮರ್ಯಾದೆ ಹೋಗುತ್ತದೆ. ಅವನು ರಾಯರ ಎರಡೂ ಕೈ ಹಿಡಿದುಕೊಂಡು, ಸಾರ್, ತಪ್ಪೆಲ್ಲ ನನ್ನದು, ಅವಳನ್ನು ಏನೂ ಮಾಡಬೇಡಿ ಎಂದು ಶುರುಮಾಡಿದ. ಅಷ್ಟರಲ್ಲಿ ಗೇಟು ಕಿರುಗುಟ್ಟಿ, ರಟ್ಟಿನ ಪೆಟ್ಟಿಗೆ ಹೊತ್ತು ಮೋಟಾರು ಅಂಗಡಿಯವನೇ ಬಂದ. ಪೆಟ್ರೋಲಿನ ನಡುವೆ ಬಾಳಿದ ಅವನ ಕಣ್ಣು ಸದಾ ಕೆಂಪು. ಕುಡಿಯುವವನು ಬಂದ ಎಂದರು ಮೇಲೆ ದೊಡ್ಡಮ್ಮ.

ಅಂಗಡಿಯವನು ಮಾತಿಗೆ ನಿಲ್ಲುವವನಲ್ಲ. ನೇರ ಹಿಂದಿನ ಕೋಣೆಗೆ ನುಗ್ಗಿ, ಪೆಟ್ರೋಲ್ ಎಂಜಿನ್ನನ್ನು ಮೇಜಿಗೆ ಬಿಗಿದು ಹಗ್ಗ ಎಳೆದ. ಮನೆ ನಡುಗಿತು. ಗೋಡೆಯ ಹಲಗೆಯ ಮೇಲಿನ ಬಣ್ಣದ ಡಬ್ಬಗಳು ಕುಣಿದವು, ನೀಲಿ ಹೊಗೆ ಬಾಗಿಲು ದಾಟಿ ನಡುಮನೆಗೆ ಬಂತು. ವೇಗ ತಗ್ಗಿಸುವ ಕಡ್ಡಿ ಎಲ್ಲೋ ಸಿಕ್ಕಿಕೊಂಡು ಎಂಜಿನ್ ಇನ್ನೂ ಜೋರಾಯಿತು. ಹೆಂಗಸರು ಮೆಟ್ಟಿಲಿಳಿದು ಓಡಿ ಬಂದರು. ಕೆಲಸ ಮುಗಿಸಿ ಬಂದ ಮಗಳು ಅವರ ಹಿಂದೆಯೇ ಬಂದಳು. ಎಲ್ಲರೂ ಏನೇನೋ ಕೇಳುತ್ತಿದ್ದರು, ಯಾರಿಗೂ ಏನೂ ಕೇಳಿಸುತ್ತಿರಲಿಲ್ಲ. ಕೊನೆಗೆ ಲಿಫ್ಟಿನವನು ಮುಂದೆ ಬಂದು ಪೆಟ್ರೋಲಿನ ಸಣ್ಣ ಕೊಳವೆಯನ್ನು ಎರಡು ಬೆರಳಲ್ಲಿ ಹಿಂಡಿ ಹಿಡಿದ. ಎಂಜಿನ್ ನಾಲ್ಕು ಸಲ ಕೆಮ್ಮಿ ಸುಮ್ಮನಾಯಿತು.

ಆ ನಿಶ್ಶಬ್ದದಲ್ಲಿ ದೊಡ್ಡಮ್ಮ ಹಾಜರಿ ಕರೆಯುವ ದನಿಯಲ್ಲಿ ಕೇಳಿದರು. "ಇಲ್ಲಿ ಕುಡಿಯೋನು ಯಾರು?"

"ಇವನೇ ಅಮ್ಮ," ಎಂದು ಅಂಗಡಿಯವನು ಎಂಜಿನ್ನಿನ ಬೆನ್ನು ತಟ್ಟಿದ. "ಗಂಟೆಗೆ ಒಂದು ಲೀಟರ್."

ಹಾಗಾದರೆ ಸಾಧು ಯಾರು ಎಂದಾಗ ಜೇಬಿನಿಂದ ನಿಂಬೆಹಣ್ಣಿನಷ್ಟು ದೊಡ್ಡ ಬ್ಯಾಟರಿ ಮೋಟಾರು ತೆಗೆದು ಅವರ ಅಂಗೈಯಲ್ಲಿಟ್ಟ. ಕಲ್ಲಿಗೆ ಬಡಿದವನ ವಿಷಯ ಕೇಳಿದ್ದಕ್ಕೆ, ಬಡಿದದ್ದು ಅವನಲ್ಲ ಅಮ್ಮ, ಅವನನ್ನು ಕೂರಿಸಿದ್ದ ಹಳೆಯ ದೋಣಿ, ಅವನು ಅಂಗಡಿಯಲ್ಲಿ ಕ್ಷೇಮವಾಗಿದ್ದಾನೆ ಎಂದ. ದೊಡ್ಡಮ್ಮ ಅಲ್ಲಿದ್ದ ಸ್ಟೂಲಿನ ಮೇಲೆ ಕೂತರು. ಮೂವತ್ತು ವರ್ಷ ಪರರ ತಪ್ಪು ತಿದ್ದಿದವರು ಅಂಗೈಯ ಮೋಟಾರನ್ನು ತಿರುತಿರುಗಿಸಿ ನೋಡಿದರು.

ರಾಯರ ಹೆಂಡತಿ ಮಾತ್ರ ಇನ್ನೂ ಲಿಫ್ಟಿನವನನ್ನೇ ನೋಡುತ್ತಿದ್ದಳು.

"ಹಾಗಾದ್ರೆ ನೀವು ಯಾವ ಎಂಜಿನ್ನು?"

"ಅವರು ಎಂಜಿನ್ ಅಲ್ಲ ಅಮ್ಮ," ಎಂದಳು ಮಗಳು ಬಾಗಿಲಲ್ಲಿ ನಿಂತು. ಆಮೇಲೆ ಹೇಳಬೇಕಾದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ಎರಡು ವರ್ಷ, ಆಸ್ಪತ್ರೆಯ ಲಿಫ್ಟು, ಮುಂದಿನ ವಾರ ಬರಲಿರುವ ಅವನ ಅಪ್ಪ ಅಮ್ಮ.

ಈಗ ಎಲ್ಲರ ಕಣ್ಣೂ ರಾಯರ ಮೇಲೆ. ಹೇಳಲೇಬೇಕಾದ ಮಾತೊಂದು ಎದುರಿಗೆ ಬಂದಾಗ ಬೇರೆ ಮಾತು ಹಿಡಿದು ಓಡುವುದು ಅವರ ಹಳೆಯ ಚಾಳಿ. ಲಿಫ್ಟಿನವನ ಕಡೆ ತಿರುಗಿ, ನೀವು ಮೋಟಾರಿನ ಕೆಲಸದವರಲ್ಲವೇ, ಇವೆರಡರಲ್ಲಿ ಯಾವುದಾದೀತು ನೀವೇ ಹೇಳಿ ಎಂದರು.

ಹಿಡಿಯಲೊಂದು ಆಸರೆ ಸಿಕ್ಕಿತೆಂದು ಅವನಿಗೂ ಹಾಯೆನಿಸಿತು. ಮೊದಲು ಭಾರ ಎಲ್ಲಿ ಕೂರುತ್ತೆ ನೋಡಬೇಕು ಸಾರ್, ಆಮೇಲೆ ಮೋಟಾರು, ಲಿಫ್ಟಲ್ಲೂ ಅಷ್ಟೇ ಎಂದು ತೋಳು ಮಡಚಿದ. ಬಟ್ಟೆ ತೊಳೆಯುವ ದೊಡ್ಡ ಟಬ್ಬು ತರಿಸಿ ನೀರು ತುಂಬಿ ದೋಣಿಯನ್ನು ತೇಲಿಸಿದ. ಪೆಟ್ರೋಲ್ ಎಂಜಿನ್ನನ್ನು ಕೈಯಲ್ಲಿ ತೂಗಿ ನೋಡಿ, ಅಷ್ಟೇ ಭಾರದ ಎರಡು ಬಣ್ಣದ ಡಬ್ಬ ಆರಿಸಿ, ಎಂಜಿನ್ ಕೂರುವ ಎತ್ತರದಲ್ಲಿ ಇಟ್ಟ. ದೋಣಿ ಕುಡಿದವರ ಹಾಗೆ ವಾಲಿ, ಅಂಚಿನಿಂದ ಒಂದು ಬೊಗಸೆ ನೀರು ಒಳಗೆ ತೆಗೆದುಕೊಂಡಿತು. ಅವನ್ನು ತೆಗೆದು, ಬ್ಯಾಟರಿಯಷ್ಟೇ ತೂಗುವ ಚಿಕ್ಕ ಡಬ್ಬವೊಂದನ್ನು ತಳಕ್ಕೆ ಅಂಟಿಸಿ ಇಟ್ಟ. ದೋಣಿ ನೆಟ್ಟಗೆ ನಿಂತಿತು. ಬೆರಳಲ್ಲಿ ಅಲುಗಾಡಿಸಿದರೂ ಮತ್ತೆ ನೆಟ್ಟಗಾಯಿತು.

"ಇದು," ಎಂದ ಅವನು ಸಣ್ಣ ಮೋಟಾರನ್ನು ಮುಟ್ಟಿ. "ಸುಸ್ತಾದರೆ ಇನ್ನೊಂದು ಬ್ಯಾಟರಿ ಇಟ್ಕೊಳ್ಳಿ. ಬದಲಾಯಿಸೋಕೆ ಒಂದು ನಿಮಿಷ."

ಮೂರು ವಾರದ ಒದ್ದಾಟ ಮೂರು ಡಬ್ಬದಲ್ಲಿ ಮುಗಿದದ್ದನ್ನು ರಾಯರು ಬಾಯಿ ತೆರೆದು ನೋಡುತ್ತಿದ್ದರು. ಅಂಗಡಿಯಲ್ಲಿ ತನ್ನ ಬೆರಳನ್ನೇ ನೋಡಿ ನಿಲ್ಲುವ ಗಿರಾಕಿಗಳ ಎದೆ ಎಷ್ಟು ಹಗುರಾಗುತ್ತಿತ್ತೆಂದು ಅವರಿಗೆ ಅಂದೇ ಗೊತ್ತಾದದ್ದು.

ಮೋಟಾರು ಕೂರಿಸಿ ಎಲ್ಲರೂ ಹೋದ ಮೇಲೆ ಮಗಳು ಕೋಣೆಯ ಬಾಗಿಲಿಗೆ ಬಂದಳು. ಹುಡುಗ ಒಳ್ಳೆಯವನೇ, ಕೈಯಲ್ಲಿ ಕೆಲಸ ಇದೆ, ಆದರೂ... ಎಂದು ರಾಯರು ಎಳೆದರು. ಅವಳು ಸಿಟ್ಟಾಗಲಿಲ್ಲ, ಅಳಲೂ ಇಲ್ಲ.

"ನಿನಗೆ ಎಷ್ಟು ದಿನ ಬೇಕು ಅಂತ ಹೇಳಿಬಿಡಪ್ಪ. ಅಷ್ಟು ದಿನ ಅಂತ ಅವನಿಗೆ ಹೇಳ್ತೀನಿ."

ಅದಕ್ಕೂ ರಾಯರಿಗೆ ಒಂದು ಲೆಕ್ಕ ಹೇಳಲಾಗಲಿಲ್ಲ. ಅವಳು ದೀಪವನ್ನು ಹಾಗೇ ಬಿಟ್ಟು ಹೋದಳು.

ಭಾನುವಾರ ಬೆಳಿಗ್ಗೆ ಕೆರೆಯ ದಡದಲ್ಲಿ ಇಡೀ ಸಂಸಾರ ನೆರೆದಿತ್ತು. ಲಿಫ್ಟಿನವನೂ ಬಂದು, ಸ್ವಲ್ಪ ದೂರದಲ್ಲಿ, ಕರೆದರೆ ಕೇಳಿಸುವಷ್ಟು ಹತ್ತಿರದಲ್ಲಿ ನಿಂತಿದ್ದ. ದೋಣಿ ನೀರಿಗಿಳಿದು, ಸದ್ದಿಲ್ಲದೆ, ನೀರನ್ನು ಕತ್ತರಿಯಿಂದ ಕತ್ತರಿಸಿದ ಹಾಗೆ ಹೊರಟಿತು. ಎರಡನೆಯ ಸುತ್ತಿನ ಹೊತ್ತಿಗೆ ರಾಯರದು ಮೂರನೆಯ ಸ್ಥಾನ. ರಾಯರು ದಡದುದ್ದಕ್ಕೂ ಅದರ ಜೊತೆಗೇ ಓಡುತ್ತಿದ್ದರು. ಕೆರೆಯ ನಡುವೆ ಯಾರೋ ಎಸೆದ ಪ್ಲಾಸ್ಟಿಕ್ ಚೀಲವೊಂದು ದೋಣಿಯ ತಳದಲ್ಲಿ ತಿರುಗುವ ರೆಕ್ಕೆಗೆ ಸುತ್ತಿಕೊಂಡಿತು. ದೋಣಿ ನಿಂತೇಬಿಟ್ಟಿತು. ಗಾಳಿ ಅದನ್ನು ತೂಬಿನ ಕಡೆಗೆ ಮೆಲ್ಲಗೆ ತಳ್ಳತೊಡಗಿತು. ಅಲ್ಲಿ ನೀರು ಸುಳಿ ತಿರುಗಿ ಕೆಳಗಿನ ಕಾಲುವೆಗೆ ಬೀಳುತ್ತಿತ್ತು.

ಲಿಫ್ಟಿನವನು ಆಗಲೇ ಪ್ಯಾಂಟು ಮಡಚಿ, ದಡಕ್ಕೆ ಕಟ್ಟಿದ್ದ ಸಂಘದ ತೆಪ್ಪದ ಹಗ್ಗ ಬಿಚ್ಚುತ್ತಿದ್ದ. ಕಾರ್ಯದರ್ಶಿ ಪುಸ್ತಕ ಹಿಡಿದು ಅಡ್ಡ ಬಂದ. ದೋಣಿಯ ಯಜಮಾನ, ಇಲ್ಲವೇ ಅವರ ಮನೆಯವರು ಮಾತ್ರ ತೆಪ್ಪ ಹತ್ತಬಹುದು, ನಿಯಮ. ಹೋದ ಸಲ ರಾಯರು ಆಡಿದ ಮಾತನ್ನು ಅವನು ಮರೆತಿರಲಿಲ್ಲವಾದ್ದರಿಂದ ಇನ್ನಷ್ಟು ನಿಧಾನವಾಗಿ ಪೆನ್ನಿನ ಮುಚ್ಚಳ ತೆಗೆದ. ರಾಯರಿಗೆ ಈಜು ಬಾರದು. ದೋಣಿ ತೂಬಿಗೆ ಇಪ್ಪತ್ತು ಅಡಿ ದೂರದಲ್ಲಿತ್ತು.

"ಇವರು ನಿಮಗೆ ಏನಾಗಬೇಕು?" ಎಂದ ಕಾರ್ಯದರ್ಶಿ.

"ಅಳಿಯ," ಎಂದರು ರಾಯರು ನೀರಿನಿಂದ ಕಣ್ಣು ತೆಗೆಯದೆ. "ಬೇಗ ಬರ್ಕೊಳ್ಳಿ, ಅವನನ್ನ ಬಿಡಿ."

ತೆಪ್ಪ ದಡ ಬಿಟ್ಟಿತು. ರಾಯರು ತಿರುಗಿ ನೋಡಿದರೆ, ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ದೊಡ್ಡಮ್ಮ ಕಾರ್ಯದರ್ಶಿಯ ಹೆಗಲ ಮೇಲಿನಿಂದ ಪುಸ್ತಕಕ್ಕೆ ಬಗ್ಗಿ, ಅವನು ಬರೆಯುವ ಅಕ್ಷರಗಳನ್ನು ಒಂದೊಂದಾಗಿ ನೋಡುತ್ತಿದ್ದರು. ಮಗಳು ಅಪ್ಪನನ್ನೇ ನೋಡುತ್ತಿದ್ದಳು.

"ಅಳಿಯನ ಹೆಸರು?" ಎಂದ ಕಾರ್ಯದರ್ಶಿ.

ಟಬ್ಬಿನಲ್ಲಿ ಡಬ್ಬ ಇಟ್ಟು ತೆಗೆದ, ಹಗ್ಗ ಬಿಚ್ಚಿ ನೀರಿಗಿಳಿದ ಮನುಷ್ಯನನ್ನು ನಿನ್ನೆಯಿಂದ ಯಾರೂ ಹೆಸರು ಕೇಳಿಯೇ ಇರಲಿಲ್ಲ. ರಾಯರು ಮಗಳ ಹತ್ತಿರಕ್ಕೆ ಸರಿದು ದನಿ ತಗ್ಗಿಸಿ ಕೇಳಿದರು. ಅವಳು ಹೇಳಿದಳು. ರಾಯರು ಅದನ್ನು ತುಟಿಯೊಳಗೇ ಎರಡು ಸಲ ಹೇಳಿ ನೋಡಿದರು.

"ಚೆನ್ನಾಗಿದೆ," ಎಂದು ಕಾರ್ಯದರ್ಶಿಯ ಕಡೆ ತಿರುಗಿದರು. "ಅದನ್ನೇ ಬರ್ಕೊಳ್ಳಿ."